ಕರುವಿನ ಕುತ್ತಿಗೆಯಲ್ಲಿ ಇಲ್ಲದ ಗ್ರಂಥಿ

ಕರುವಿನ ಗಂಟಲು ಊದಿಕೊಂಡಿದ್ದನ್ನು ಕಂಡ ಕೂಡಲೇ ನನಗೆ ನೆನಪಾದದ್ದು ನಮ್ಮ ಆಸ್ಪತ್ರೆಯ ಫ್ರಿಜ್ಜು.

ಕರು ಕೊಟ್ಟಿಗೆಯಲ್ಲಿ ಅಡ್ಡಬಿದ್ದು, ನಾಲಿಗೆ ಹೊರಚಾಚಿ, ಗೊರಗೊರ ಉಸಿರೆಳೆಯುತ್ತಿತ್ತು. ದವಡೆಯ ಕೆಳಗಿನಿಂದ ಎದೆಯವರೆಗೆ ಬಿಸಿ ಊತ. ಥರ್ಮಾಮೀಟರಿನ ಪಾದರಸ ನೂರ ಏಳು ದಾಟಿತ್ತು. ಗಳಲೆ ರೋಗ ಎನ್ನಲು ಬೇರೇನೂ ಬೇಕಿರಲಿಲ್ಲ. ಐದು ವಾರದ ಹಿಂದೆ ಇದೇ ಕೊಟ್ಟಿಗೆಯಲ್ಲಿ ಇದೇ ಕರುವಿಗೆ ಗಳಲೆ ಬಾರದಿರಲೆಂದು ಲಸಿಕೆ ಹಾಕಿದವಳು ನಾನೇ.

ಅದು ತೊಂಬತ್ತರ ದಶಕದ ನಡುವಿನ ಮಾತು. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ನಾನು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಪಶು ಆಸ್ಪತ್ರೆಗೆ ವೈದ್ಯೆಯಾಗಿ ಬಂದು ಎರಡನೆಯ ಮಳೆಗಾಲ. ಈ ಕರುವಿನ ಊರು ಬಂಡೀಪುರದ ಕಾಡಿಗೆ ಅಂಟಿಕೊಂಡಂತಿತ್ತು. ಡೇರಿ ಬಂದಮೇಲೆ ಮನೆಮನೆಯಲ್ಲೂ ಒಂದೆರಡು ಮಿಶ್ರತಳಿ ಹಸುಗಳು ಸೇರಿಕೊಂಡಿದ್ದವು. ಊರಿನವರ ಬಾಯಲ್ಲಿ ಅವು ಸೀಮೆ ಹಸು.

ರಕ್ತನಾಳಕ್ಕೆ ಔಷಧ ಕೊಟ್ಟೆ. ತಡವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಕರು ಕಾಲು ಚಾಚಿತು. ಮನೆಯೊಡತಿ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಗಂಡ ಕೇರಳದ ಕಡೆ ಕೂಲಿಗೆ ಹೋಗಿದ್ದ, ಎರಡು ಹಸು, ಎರಡು ಕರುಗಳ ಸಂಸಾರ ಇವಳದೇ. ಅವಳು ಅಳಲಿಲ್ಲ. ಕರುವಿನ ಕೊರಳ ಹಗ್ಗ ಬಿಚ್ಚುತ್ತಾ ಕೇಳಿದಳು:

"ಸೂಜಿ ಆಕ್ಸುದ್ ಮ್ಯಾಲೂ ಇದೇ ಬಂದ್ರ, ಆಕ್ಸಿ ಯಾನ ಸುಖ ಡಾಕ್ಟ್ರಮ್ಮ?"

ನಾನು ಏನೋ ಹೇಳಿದೆ. ಕೆಲವೊಮ್ಮೆ ಹಾಗಾಗುತ್ತದೆ ಎಂದಿರಬೇಕು.

ಕಿವಿಯ ರಕ್ತನಾಳದಿಂದ ತೆಗೆದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ತಂದಿದ್ದೆ. ನಮ್ಮ ಆಸ್ಪತ್ರೆಯ ಸೂಕ್ಷ್ಮದರ್ಶಕಕ್ಕೆ ಕನ್ನಡಿ ಇತ್ತು, ಬಲ್ಬು ಇರಲಿಲ್ಲ. ಬಿಸಿಲಿದ್ದಾಗ ಕಿಟಕಿಯ ಪಕ್ಕ ಕೂತು ನೋಡಬೇಕು. ಬಣ್ಣ ಹಾಕಿ ನೋಡಿದರೆ ರಕ್ತಕಣಗಳ ನಡುವೆ ಎರಡು ತುದಿಯಷ್ಟೇ ಬಣ್ಣ ಹೀರಿದ ಪುಟ್ಟ ಬ್ಯಾಕ್ಟೀರಿಯಾಗಳು. ಗಳಲೆಯೇ. ಅನುಮಾನಕ್ಕೆ ಎಡೆಯಿಲ್ಲ.

ಫ್ರಿಜ್ಜಿನ ವಿಷಯ ಹೇಳಬೇಕು. ಲಸಿಕೆಯ ಪೆಟ್ಟಿಗೆ ಬಂದ ವಾರ ಒಂದು ಇಡೀ ದಿನ ಕರೆಂಟು ಹೋಗಿತ್ತು. ಐಸ್ ತರೋಣವೆಂದರೆ ಐಸ್‌ಕ್ಯಾಂಡಿ ಫ್ಯಾಕ್ಟರಿಯಲ್ಲೂ ಕರೆಂಟಿಲ್ಲ. ಫ್ರಿಜ್ಜಿನ ಬಾಗಿಲು ತೆರೆಯದೆ ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆವು. ಮರುದಿನ ಬೆಳಿಗ್ಗೆ ಒಳಗಿನ ಶಾಖ ಹದಿನಾಲ್ಕು ಡಿಗ್ರಿ. ಎಂಟು ದಾಟಬಾರದು. ಕಾಂಪೌಂಡರ್ ಆ ಆಸ್ಪತ್ರೆಯಲ್ಲೇ ಕೂದಲು ನರೆಸಿಕೊಂಡವರು, ಒಳ್ಳೆಯವರು. ಅವರು ಶಾಖದ ರಿಜಿಸ್ಟರಿನಲ್ಲಿ 'ಆರು' ಎಂದು ಬರೆದರು. ನಾನು ನೋಡಿದೆ. ನೋಡಿ ಸಹಿ ಹಾಕಿದೆ.

ಒಂದು ದಿನದ ಹದಿನಾಲ್ಕು ಡಿಗ್ರಿಗೆ ಈ ಲಸಿಕೆ ಕೆಡುವುದಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಅದೇ ಮಾತನ್ನು ನನಗೇ ನಂಬಲಾಗಲಿಲ್ಲ.

ಆ ವಾರದಲ್ಲಿ ಅದೇ ಊರಿನ ಇನ್ನೆರಡು ಕರುಗಳು ಸತ್ತವು. ಮೂರೂ ಮಿಶ್ರತಳಿ, ಮೂರೂ ವರ್ಷದೊಳಗಿನವು, ಮೂರಕ್ಕೂ ಲಸಿಕೆಯಾಗಿತ್ತು. ಅದೇ ಕೊಟ್ಟಿಗೆಗಳ ದೊಡ್ಡ ಹಸುಗಳಿಗೆ ಏನೂ ಆಗಿರಲಿಲ್ಲ. ಪಕ್ಕದ ಊರಿನವರು ಲಸಿಕೆ ಶಿಬಿರಕ್ಕೆ ದನ ಹೊಡೆದು ತರುವುದಿಲ್ಲ ಎಂದು ಹೇಳಿ ಕಳಿಸಿದರು.

ಚಾಮರಾಜನಗರದಲ್ಲಿದ್ದ ನಮ್ಮ ಮೇಲಧಿಕಾರಿಗೆ ಬಸ್ಸು ಹತ್ತಿ ಹೋಗಿ ವರದಿ ಒಪ್ಪಿಸಿದೆ. ಅವರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೋಲ್ಡ್ ಚೈನ್ ಸರಿಯಾಗಿತ್ತಾ? ಲಸಿಕೆ ಎಲ್ಲೂ ಬಿಸಿಯಾಗಿಲ್ಲ ತಾನೇ?"

"ರಿಜಿಸ್ಟರ್ ಪ್ರಕಾರ ಸರಿಯಾಗಿದೆ ಸರ್."

"ಹಾಗಾದ್ರೆ ಬ್ಯಾಚೇ ಸರಿ ಇಲ್ಲ. ಹೊಸ ಬ್ಯಾಚ್ ಕಳಿಸ್ತೀನಿ. ಅದು ಬಂದ ಐದು ದಿನದೊಳಗೆ ಊರಿನ ಎಲ್ಲಾ ದನಕ್ಕೂ ಮತ್ತೆ ಹಾಕಿ ಮುಗಿಸಿ. ಮಳೆ ಹಿಡ್ಕೊಂಡ್ರೆ ಕಷ್ಟ."

ರಿಜಿಸ್ಟರ್ ಪ್ರಕಾರ ಎಂದು ನಾನು ಹೇಳಿದ ರೀತಿ ನನ್ನ ಕಿವಿಗೇ ಕೆಟ್ಟದಾಗಿ ಕೇಳಿಸಿತು.

ವಾಪಸು ಬರುವ ಮೊದಲು ಚಾಮರಾಜನಗರದ ಹತ್ತಿರದ ಉಡಿಗಾಲಕ್ಕೆ ಹೋದೆ. ಅಲ್ಲಿನ ವೈದ್ಯರು ರಜೆಯಲ್ಲಿದ್ದಾಗ ಆ ಊರಿನ ಶಿಬಿರವನ್ನೂ ನಾನೇ ಮಾಡಿದ್ದೆ. ಕಾಡಂಚಿನ ಊರಿಗೆ ಹೋದ ಮರುದಿನವೇ, ಅದೇ ಫ್ರಿಜ್ಜಿನ, ಅದೇ ಪೆಟ್ಟಿಗೆಯ ಬಾಟಲಿಗಳಿಂದ. ಸಂಜೆಯವರೆಗೆ ಮನೆಮನೆ ತಿರುಗಿದೆ. ಕರುಗಳೆಲ್ಲ ನೆಟ್ಟಗಿದ್ದವು. ಒಬ್ಬ ಹೆಂಗಸು ಮಜ್ಜಿಗೆ ಕೊಟ್ಟು, "ನಮ್ ಕರಗೊಳ್ಗ ಯಾನೂ ಆಗಿಲ್ಲ ಕಣವ್ವ, ಯಾಕ ಇಂಗ್ ಎದ್ರುಕೊಂಡಿದ್ದೀರಿ?" ಎಂದಳು. ಕುಡಿದು ಬಸ್ಸು ಹತ್ತಿದವಳಿಗೆ ಅರ್ಧ ದಾರಿಯಲ್ಲಿ ಹೊಳೆಯಿತು: ಉಡಿಗಾಲಕ್ಕೆ ಗಳಲೆಯೇ ಬಂದಿಲ್ಲದಿದ್ದರೆ ಅಲ್ಲಿನ ಕರುಗಳು ನೆಟ್ಟಗಿರುವುದರಿಂದ ಏನು ಗೊತ್ತಾಗುತ್ತದೆ? ಏನೂ ಇಲ್ಲ.

ಕಾಡಂಚಿನ ಊರಿನಲ್ಲಿ ನಾಲ್ಕನೆಯ ಕರು ಸತ್ತದ್ದು ಮರುದಿನ ಬೆಳಿಗ್ಗೆ. ಊರಾಚೆ ಹುಣಸೆಮರದ ಕೆಳಗೆ ನಾನೂ ಕಾಂಪೌಂಡರೂ ಅದನ್ನು ಕೊಯ್ದೆವು. ಮೊದಲ ಮೂರರಲ್ಲೂ ನಾನು ಗಂಟಲಿನ ಊತ, ಶ್ವಾಸಕೋಶ, ಹೃದಯದ ಮೇಲಿನ ರಕ್ತದ ಚುಕ್ಕೆ ಇಷ್ಟನ್ನೇ ನೋಡಿ ಮುಗಿಸಿದ್ದೆ. ಗಳಲೆಯನ್ನು ಹುಡುಕಿದೆ, ಗಳಲೆ ಸಿಕ್ಕಿತು. ಈ ಸಲ ಊತದ ನೀರು ಎಲ್ಲಿಯವರೆಗೆ ಇಳಿದಿದೆಯೆಂದು ನೋಡಲು ಕುತ್ತಿಗೆಯ ಚರ್ಮವನ್ನು ಎದೆಯವರೆಗೂ ಬಿಡಿಸಿದೆ. ಶ್ವಾಸನಾಳ ಕಾಣಿಸಿತು. ಅದರ ಎರಡೂ ಪಕ್ಕದಲ್ಲಿ ಇರಬೇಕಾದದ್ದು ಕಾಣಿಸಲಿಲ್ಲ.

ಥೈಮಸ್ ಎಂಬ ಗ್ರಂಥಿಯ ಬಗ್ಗೆ ಓದಿದ್ದವರಿಗೂ ಅದು ನೆನಪಿರುವುದು ಕಡಿಮೆ. ಅದು ಎಳೆಯ ಪ್ರಾಣಿಗಳ ಗ್ರಂಥಿ. ಕರುವಿನಲ್ಲಿ ಗಂಟಲಿನಿಂದ ಎದೆಗೂಡಿನೊಳಗಿನವರೆಗೆ ಶ್ವಾಸನಾಳದ ಅಕ್ಕಪಕ್ಕ ತಿಳಿಗುಲಾಬಿ ಬಣ್ಣದ ಗಂಟುಗಂಟಾದ ಮಾಂಸದಂತೆ ಕೈತುಂಬ ಸಿಗುತ್ತದೆ. ಬೆಳೆಯುತ್ತಾ ಹೋದಂತೆ ಕರಗುತ್ತದೆ. ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯವು ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಬಲಿಯಲು ಈ ಗ್ರಂಥಿಗೆ ಬರುತ್ತವೆ. ತನ್ನ ಮೈಯದು ಯಾವುದು, ಹೊರಗಿನಿಂದ ಬಂದದ್ದು ಯಾವುದು ಎಂದು ಗುರುತು ಹಿಡಿಯಲು ಕಲಿತವು ಮಾತ್ರ ಹೊರಗೆ ಹೋಗುತ್ತವೆ, ಕಲಿಯದವು ಅಲ್ಲೇ ಸಾಯುತ್ತವೆ. ಲಸಿಕೆ ಹಾಕಿದಾಗ ಮೈಗೆ ಪಾಠ ಹತ್ತಬೇಕಾದರೆ ಹೀಗೆ ಕಲಿತ ಕಣಗಳು ಇರಲೇಬೇಕು.

ಎಂಟು ತಿಂಗಳ ಆ ಕರುವಿನಲ್ಲಿ ಅಲ್ಲಿದ್ದದ್ದು ಹಳದಿ ಲೋಳೆಯಂಥ ಎರಡು ಎಳೆ. ನನ್ನ ಕಿರುಬೆರಳಿನಷ್ಟೂ ದಪ್ಪವಿರಲಿಲ್ಲ.

"ಮೇಡಮ್ಮೋರೆ, ಅದ್ನೇ ಯಾಕ ಅಷ್ಟೊತ್ತಿಂದ ನೋಡ್ತಾ ಕುಂತಿದ್ದೀರಿ?" ಕಾಂಪೌಂಡರ್ ಕೇಳಿದರು.

"ಇಲ್ಲೊಂದು ಗ್ರಂಥಿ ಇರಬೇಕಿತ್ತು. ಇಲ್ಲ."

"ಇಲ್ದುದ್ನ ನೋಡಾದ್ ಎಂಗೆ?" ಎಂದು ಅವರು ಬಗ್ಗಿ ಕರುವಿನ ಕಿವಿ ಹಿಡಿದು ಮಗುಚಿದರು. "ಇಲ್ನೋಡಿ, ಇರೋದು ಇಲ್ಲಿ ಅದ."

ಕಿವಿಯೊಳಗೆ ರಕ್ತ ಹೀರುವ ಉಣ್ಣೆಗಳು ಮೆತ್ತಿಕೊಂಡಿದ್ದವು. ಹರಳಿನ ಬೀಜದಂತೆ ಉಬ್ಬಿದವು, ಅವುಗಳ ನಡುವೆ ಸಾಸಿವೆಯಂಥ ಮರಿಗಳು. ಬಾಲದ ಬುಡದಲ್ಲಿ, ತೊಡೆಯ ಸಂದಿಯಲ್ಲಿ, ಎಲ್ಲ ಕಡೆ. ಭುಜದ ಮುಂದೆ ಕೈಯಾಡಿಸಿದೆ. ಅಲ್ಲಿನ ದುಗ್ಧರಸ ಗ್ರಂಥಿ ನಿಂಬೆಹಣ್ಣಿಗಿಂತ ದೊಡ್ಡದಾಗಿತ್ತು. ಅದನ್ನು ಕೊಯ್ದು ಗಾಜಿನ ಪಟ್ಟಿಗೆ ಒತ್ತಿಕೊಂಡು ಬಂದೆ. ಅವತ್ತು ಮೋಡ. ಕಿಟಕಿಯ ಬಳಿ ಸೂಕ್ಷ್ಮದರ್ಶಕದ ಕನ್ನಡಿಯನ್ನು ಅತ್ತಿತ್ತ ತಿರುಗಿಸುತ್ತಾ ಬಹಳ ಹೊತ್ತು ಕೂತೆ. ಬಿಳಿ ರಕ್ತಕಣಗಳ ಒಳಗೆ ನೀಲಿ ಮುದ್ದೆ, ಮುದ್ದೆಯೊಳಗೆ ಕೆಂಪು ಚುಕ್ಕೆಗಳು. ಥೈಲೀರಿಯಾ. ಉಣ್ಣೆ ಕಚ್ಚಿದಾಗ ಮೈಸೇರುವ ಪರಾವಲಂಬಿ ಜೀವಿ. ರೋಗ ಹಿಡಿಯಬೇಕಾದ ಬಿಳಿ ಕಣಗಳ ಒಳಗೇ ಮನೆ ಮಾಡಿಕೊಂಡು ಅವುಗಳ ಜೊತೆಗೇ ಬೆಳೆಯುತ್ತದೆ.

ಹಾಗಾದರೆ ಈ ಕರುಗಳಿಗೆ ಲಸಿಕೆ ಹಾಕುವ ಮೊದಲೇ ಉಣ್ಣೆ ಜ್ವರ ಹತ್ತಿತ್ತೇ? ಪಾಠ ಕೇಳಬೇಕಾದ ಕಣಗಳೇ ಇಲ್ಲದ ಮೈಗೆ ನಾನು ಸೂಜಿ ಚುಚ್ಚಿ ಬಂದಿದ್ದೆನೇ? ಶಿಬಿರದ ದಿನ ನೆನಪು ಮಾಡಿಕೊಂಡೆ. ಸಾಲಾಗಿ ದನ ಬರುತ್ತವೆ, ಕುತ್ತಿಗೆಗೆ ಸೂಜಿ, ಮುಂದಿನದು. ಒಂದೇ ಒಂದು ಕರುವಿನ ಭುಜವನ್ನೂ ನಾನು ಮುಟ್ಟಿ ನೋಡಿರಲಿಲ್ಲ. ಫ್ರಿಜ್ಜಿನದಲ್ಲದಿದ್ದರೆ ತಪ್ಪು ಈ ಕೈಯದು. ಯಾವುದಾದರೆ ನನಗೆ ಹಗುರವೆಂದು ಯೋಚಿಸುತ್ತಿದ್ದೇನೆ ಎಂಬುದು ಅರಿವಾಗಿ ನಾಚಿಕೆಯಾಯಿತು.

ಆದರೆ ಒಂದು ಕರುವಿನ ಕುತ್ತಿಗೆ ನೋಡಿ ಹೀಗೆ ತೀರ್ಮಾನಿಸುವ ಹಾಗಿಲ್ಲ. ಅದೇ ವಯಸ್ಸಿನ ಗಟ್ಟಿಮುಟ್ಟಾದ ಕರುವಿನ ಥೈಮಸ್ ಹೇಗಿರುತ್ತದೆ ಎಂದು ಪಕ್ಕಪಕ್ಕ ಇಟ್ಟು ನೋಡಬೇಕು. ಗಟ್ಟಿಮುಟ್ಟಾದ ಕರು ಸಾಯುವುದಾದರೂ ಏಕೆ?

ಎರಡು ದಿನಕ್ಕೆ ಊಟಿ ರಸ್ತೆಯಲ್ಲಿ ತರಕಾರಿ ಲಾರಿಯೊಂದು ಹೆಚ್ಚುಕಡಿಮೆ ಅದೇ ವಯಸ್ಸಿನ ನಾಟಿ ಕರುವನ್ನು ಗುದ್ದಿತು. ಕರೆ ಬಂದು ನಾನು ಹೋಗುವಷ್ಟರಲ್ಲಿ ಅದು ಸತ್ತಿತ್ತು. ಕರುವಿನ ಒಡೆಯರು ವಿಭೂತಿ ಹಚ್ಚಿದ ವಯಸ್ಸಾದ ರೈತರು. ರಸ್ತೆಯ ಪಕ್ಕದ ತಮ್ಮ ಹೊಲದಲ್ಲೇ ಗುಂಡಿ ತೆಗೆಸುತ್ತಿದ್ದರು. ಕೇಳಲು ಬಾಯಿ ಬರಲಿಲ್ಲ. ಆದರೂ ಕೇಳಿದೆ.

"ಸತ್ತ್ ಮ್ಯಾಲೂ ಕುಯ್ಬೇಕಾ ತಾಯಿ?"

ಕಾಡಂಚಿನ ಊರಿನ ಕರುಗಳು ಸಾಯುತ್ತಿರುವುದನ್ನು, ಅವುಗಳ ಕುತ್ತಿಗೆಯಲ್ಲಿ ಏನು ಕಾಣೆಯಾಗಿದೆ ಎಂಬುದನ್ನು ನನಗೆ ತಿಳಿದ ಮಾತಿನಲ್ಲಿ ಹೇಳಿದೆ. ಅವರು ಗುಂಡಿಯ ಅಂಚಿನಲ್ಲಿ ನಿಂತು ಕೇಳಿದರು.

"ಇದ್ರಿಂದ ಇನ್ನೊಂದ್ ಕರ ಉಳಿತದ ಅಂದ್ರ ಕುಯ್ಕಳಿ. ನಾ ಮಾತ್ರ ನೋಡಕ್ಕಿಲ್ಲ" ಎಂದು ಬೆನ್ನು ತಿರುಗಿಸಿ ನಿಂತರು.

ಆ ಕರುವಿನ ಥೈಮಸ್ ನನ್ನ ಅಂಗೈ ತುಂಬಿ ಮಣಿಕಟ್ಟಿನವರೆಗೆ ಬಂತು. ಅದನ್ನೂ, ಮೊದಲೇ ತೆಗೆದಿರಿಸಿದ್ದ ರೋಗದ ಕರುವಿನ ಎಳೆಗಳನ್ನೂ ಬೇರೆಬೇರೆ ಉಪ್ಪಿನಕಾಯಿ ಬಾಟಲಿಗಳಲ್ಲಿ ಕೆಡದಂತೆ ಫಾರ್ಮಲಿನ್ ಹಾಕಿ ಮುಳುಗಿಸಿ, ಬಟ್ಟೆ ಸುತ್ತಿ, ಬೆಂಗಳೂರಿನಲ್ಲಿ ನನಗೆ ಪಾಠ ಹೇಳಿದ್ದ ಮೇಷ್ಟ್ರಿಗೆ ಕಳಿಸಿದೆ. ಅವರು ಸತ್ತ ಪ್ರಾಣಿಗಳ ಅಂಗಾಂಶ ನೋಡಿ ರೋಗ ಹೇಳುವವರು. ಕಾಂಪೌಂಡರ್ ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡೇ ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದರು.

ಇಷ್ಟರಲ್ಲಿ ಹೊಸ ಬ್ಯಾಚಿನ ಲಸಿಕೆ ಬಂತು. ಅದು ಬಂದ ಮೇಲಿನ ಐದು ದಿನದಲ್ಲಿ ಮೂರು ಕಳೆದಿತ್ತು. ಎಸ್‌ಟಿಡಿ ಬೂತಿನಿಂದ ಮೇಷ್ಟ್ರಿಗೆ ಫೋನು ಮಾಡಿದೆ.

"ನೋಡಿದೆ ಕಣಮ್ಮ, ಅವಸರದಲ್ಲೇ ಕೊಯ್ದು ನೋಡಿದೆ. ಲಾರಿ ಕರೂದು ಚೆನ್ನಾಗಿದೆ. ಹೊರಗಡೆ ಎಳೇ ಕಣಗಳು ಕಿಕ್ಕಿರಿದು ದಟ್ಟ ನೀಲಿ ಪಟ್ಟಿ, ಒಳಗಡೆ ತೆಳು ಬಣ್ಣ. ನಿನ್ನ ರೋಗದ ಕರೂದರಲ್ಲಿ ಆ ನೀಲಿ ಪಟ್ಟೀನೇ ಇಲ್ಲ. ಎಳೇ ಕಣಗಳೆಲ್ಲ ಖಾಲಿ. ಉಳಿದಿರೋ ಕಣಗಳಲ್ಲಿ ಅಲ್ಲೊಂದು ಇಲ್ಲೊಂದರೊಳಗೆ ಥೈಲೀರಿಯಾ ಇದೆ."

"ಹಾಗಾದ್ರೆ ಥೈಲೀರಿಯಾದಿಂದಲೇ ಥೈಮಸ್ ಹೋಗಿದೆ ಅಲ್ವಾ ಸರ್?"

"ಅಲ್ಲಿಗೆ ಹಾರಬೇಡ. ಪರಾವಲಂಬೀನೇ ಕೆಡಿಸ್ತೋ, ಜ್ವರದ ಒತ್ತಡಕ್ಕೆ ಮೈಯೇ ಕರಗಿಸ್ಕೊಳ್ತೋ ಹೇಳಕ್ಕಾಗಲ್ಲ. ಹೊಟ್ಟೆಗಿಲ್ಲದಿದ್ರೂ ಥೈಮಸ್ ಕರಗುತ್ತೆ. ಅದೂ ಅಲ್ದೆ ಒಂದು ಸೀಮೆ ಕರು, ಒಂದು ನಾಟಿ ಕರು ಇಟ್ಕೊಂಡು ಸಾಬೀತು ಅಂತೀಯಾ?"

"ಇಲ್ಲ ಸರ್. ಆದ್ರೆ ನಾಡಿದ್ದರೊಳಗೆ ನಾನು ಮತ್ತೆ ಲಸಿಕೆ ಹಾಕಬೇಕು. ಹಾಕಲೋ ಬೇಡವೋ?"

"ಅದು ಸ್ಲೈಡಿನಲ್ಲಿ ಬರೆದಿರಲ್ಲ ಕಣಮ್ಮ. ಕರು ನಿನ್ನ ಮುಂದಿದೆ, ನನ್ನ ಮುಂದಲ್ಲ."

ಬೂತಿನಿಂದ ಹೊರಗೆ ಬಂದು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆ. ಎಲ್ಲ ಕರುಗಳಿಗೂ ಲಸಿಕೆ ಹಾಕಿದರೆ ಅಪ್ಪಣೆ ಪಾಲಿಸಿದಂತಾಗುತ್ತದೆ. ಒಳಗೊಳಗೇ ಜ್ವರವಿರುವ ಕರುಗಳಿಗೆ ಅದು ಮತ್ತೆ ವ್ಯರ್ಥವಾಗುತ್ತದೆ, ಆಯಾಸಕ್ಕೆ ಒಂದೆರಡು ಸತ್ತರೂ ಸತ್ತಾವು. ಆದರೆ ಯಾರೂ ನನ್ನನ್ನು ಕೇಳುವುದಿಲ್ಲ. ಹಾಕದೆ ಮೊದಲು ಉಣ್ಣೆ ಜ್ವರಕ್ಕೆ ಔಷಧ ಕೊಟ್ಟು ಮೂರು ವಾರ ಕಾದರೆ, ಆ ಮೂರು ವಾರ ಅವು ಗಳಲೆಗೆ ಬರಿಮೈಯಲ್ಲಿ ನಿಂತಂತೆ. ಆಗ ಸತ್ತ ಪ್ರತಿ ಕರುವಿಗೂ ನಾನೇ ಹೊಣೆ.

ಮರುದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಡಂಚಿನ ಊರಿನ ಒಂದೊಂದು ಕರುವನ್ನೂ ಮುಟ್ಟಿ ನೋಡಿದೆ. ಭುಜದ ಗ್ರಂಥಿ, ಕಣ್ಣಿನ ರೆಪ್ಪೆಯ ಒಳಗಿನ ಬಣ್ಣ, ಜ್ವರ. ಹನ್ನೊಂದು ಕರುಗಳಲ್ಲಿ ಗ್ರಂಥಿ ಊದಿತ್ತು. ಉಳಿದ ಕರುಗಳಿಗೂ ದೊಡ್ಡ ದನಗಳಿಗೂ ಹೊಸ ಲಸಿಕೆ ಹಾಕಿದೆ. ಹನ್ನೊಂದಕ್ಕೆ ಹಾಕಲಿಲ್ಲ. ಊರಿನವರಿಗೆ ಇದು ಅರ್ಥವಾಗಲಿಲ್ಲ. ಮೊದಲ ಕರು ಕಳೆದುಕೊಂಡ ಅಕ್ಕನ ಇನ್ನೊಂದು ಕರು ಆ ಹನ್ನೊಂದರಲ್ಲಿತ್ತು, ಕಪ್ಪು ಬಿಳಿ ಮಚ್ಚೆಯ ಹೆಣ್ಣುಕರು. ಅವಳು ಅದರ ಹಗ್ಗ ಹಿಡಿದು ದಾರಿಗೆ ಅಡ್ಡ ನಿಂತಳು.

"ಊರ್ನೋರ್ ಕರಕ್ಕೆಲ್ಲ ಆಕ್ಬುಟ್ಟು ನಮ್ದ್ಕ್ ಮಾತ್ರ ಯಾಕ ಇಲ್ಲ? ಆವತ್ತು ನಾ ಮಾತಾಡ್ದೆ ಅಂತವಾ?"

"ಇಲ್ಲಕ್ಕ. ಇದಕ್ಕೆ ಮೈಯೊಳಗೆ ಉಣ್ಣೆ ಜ್ವರ ಇದೆ. ಅದು ಇರೋವರೆಗೂ ಲಸಿಕೆ ಹಾಕಿದರೂ ಮೈಗೆ ಹತ್ತಲ್ಲ. ಸತ್ತ ಕರುವಿಗೂ ಹಾಗೇ ಆಗಿರಬಹುದು."

"ಇರ್ಬೌದು ಅಂದ್ರ?"

ನಾನು ಸುತ್ತ ನೋಡಿದೆ. ಕಾಂಪೌಂಡರ್ ಪೆಟ್ಟಿಗೆ ಹಿಡಿದು ಪಕ್ಕದಲ್ಲೇ ಇದ್ದರು. ಇನ್ನೂ ನಾಲ್ಕಾರು ಮಂದಿ ನಿಂತಿದ್ದರು. ಕರೆಂಟು ಹೋದ ದಿನದ ಸಂಗತಿ ಹೇಳಿಬಿಟ್ಟೆ. ಫ್ರಿಜ್ಜು ಬೆಚ್ಚಗಾಗಿದ್ದು, ಆಗಿಲ್ಲವೆಂದು ಬರೆದದ್ದು, ನಾನು ಸಹಿ ಹಾಕಿದ್ದು. ಲಸಿಕೆಯೇ ಕೆಟ್ಟಿತ್ತೋ, ಕರುವಿನ ಮೈ ಕೆಟ್ಟಿತ್ತೋ ನನಗೆ ಖಂಡಿತವಾಗಿ ಗೊತ್ತಿಲ್ಲ, ಎರಡನೆಯದೇ ಇರಬೇಕೆಂದು ತೋರುತ್ತಿದೆ ಎಂದೆ. ಕಾಂಪೌಂಡರ್ ತಲೆ ತಗ್ಗಿಸಿದರು.

ಅಕ್ಕ ನನ್ನನ್ನೇ ದಿಟ್ಟಿಸಿದಳು. "ಆವತ್ತೇ ಯೋಳ್ಬೇಕಾಗಿತ್ತು ಕಣಮ್ಮ ನೀನು" ಎಂದಳು. ಅಲ್ಲಿಯವರೆಗೆ ನೀವು ಎನ್ನುತ್ತಿದ್ದವಳು. ಆಮೇಲೆ ಹಗ್ಗ ಸಡಿಲಿಸಿದಳು. "ಈಗ ಯಾನ ಮಾಡನ, ಅದ್ನ ಯೋಳು."

ಉಣ್ಣೆ ಜ್ವರಕ್ಕೆಂದೇ ಬುಪಾರ್ವಾಕ್ವೋನ್ ಎಂಬ ಔಷಧ ಬಂದು ಹೆಚ್ಚು ದಿನವಾಗಿರಲಿಲ್ಲ. ಮೈಸೂರಿನಿಂದ ತರಿಸಿದ್ದು ಆರು ಕರುಗಳಿಗೆ ಸಾಕಾಗುವಷ್ಟು. ಹನ್ನೊಂದರಲ್ಲಿ ಆರನ್ನು ಆರಿಸಬೇಕಾಯಿತು. ಜ್ವರ ಜಾಸ್ತಿಯಿದ್ದು ರೆಪ್ಪೆ ಬಿಳಿಚಿದ್ದವನ್ನು ಆರಿಸಿದೆ. ಅಕ್ಕನ ಕರು ಅದರಲ್ಲಿತ್ತು. ಉಳಿದ ಐದಕ್ಕೆ, ಗಳಲೆಯನ್ನೂ ಸ್ವಲ್ಪ ಮಟ್ಟಿಗೆ ತಡೆಯಬಲ್ಲ, ಉಣ್ಣೆ ಜ್ವರವನ್ನೂ ಒಂದಷ್ಟು ಹಿಡಿಯಬಲ್ಲ ಆಕ್ಸಿಟೆಟ್ರಾಸೈಕ್ಲಿನ್ ಕೊಟ್ಟೆ. ಕೊಟ್ಟಿಗೆಗಳ ಮಣ್ಣುಗೋಡೆಯ ಬಿರುಕುಗಳಲ್ಲಿ ಉಣ್ಣೆ ಮೊಟ್ಟೆಯಿಡುತ್ತದೆ. ಊರಿನ ಹೆಂಗಸರು ಬಿರುಕುಗಳಿಗೆ ಔಷಧ ಬಳಿದು, ಸಗಣಿ ಮಣ್ಣು ಮೆತ್ತಿ ಮುಚ್ಚಿದರು.

ಚಾಮರಾಜನಗರಕ್ಕೆ ಹೋಗಿ ಎರಡನೆಯ ವರದಿ ಕೊಟ್ಟೆ. ಇದರಲ್ಲಿ ಹದಿನಾಲ್ಕು ಡಿಗ್ರಿ ಇತ್ತು. ಸಹಿ ಮಾಡಿದ್ದು ನಾನಾದ್ದರಿಂದ ತಪ್ಪು ನನ್ನದೆಂದೇ ಬರೆದಿದ್ದೆ. ಮೇಲಧಿಕಾರಿ ಎರಡು ಸಲ ಓದಿದರು.

"ಇದನ್ನ ಬರೀಲೇಬೇಕಿತ್ತಾ?"

"ಬರೀದಿದ್ರೆ ಉಳಿದದ್ದಕ್ಕೆ ಅರ್ಥ ಇರಲ್ಲ ಸರ್."

"ಹನ್ನೊಂದು ಕರುಗೆ ಹಾಕಿಲ್ಲ ಅಂತಲೂ ಬರ್ದಿದ್ದೀರಿ. ಅವುಗಳಲ್ಲಿ ಒಂದು ಸತ್ರೂ ನಾನು ನಿಮ್ಮನ್ನ ಉಳಿಸಕ್ಕಾಗಲ್ಲ ಡಾಕ್ಟ್ರೇ."

ಹಳೆಯ ಬ್ಯಾಚಿನ ಉಳಿದ ಬಾಟಲಿಗಳನ್ನು ಅವರು ಪರೀಕ್ಷೆಗೆ ಕಳಿಸಿದರು. ತಿಂಗಳ ನಂತರ ಬಂದ ಉತ್ತರ ಒಂದೇ ಸಾಲಿನದು: ಮಾದರಿ ಬಿಸಿಯಾಗಿ ತಲುಪಿದ್ದರಿಂದ ಪರೀಕ್ಷೆಗೆ ಯೋಗ್ಯವಲ್ಲ. ನನಗೊಂದು ಎಚ್ಚರಿಕೆಯ ಪತ್ರ ಬಂತು. ಆ ಲಸಿಕೆ ಕೆಟ್ಟಿತ್ತೇ ಎಂಬುದು ಇವತ್ತಿಗೂ ನನಗೆ ತಿಳಿಯದು.

ಆ ಮೂರು ವಾರ ನಾನು ಹೇಗೆ ಕಳೆದೆನೋ. ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಬಳಿ ಸೈಕಲ್ ನಿಂತ ಸದ್ದಾದರೆ ಸಾವಿನ ಸುದ್ದಿಯೇ ಎಂದು ಬಾಗಿಲಿಗೆ ಓಡುತ್ತಿದ್ದೆ. ದಿನ ಬಿಟ್ಟು ದಿನ ಊರಿಗೆ ಹೋಗಿ ಹನ್ನೊಂದು ಕರುಗಳ ಭುಜ ಮುಟ್ಟಿ ಬರುತ್ತಿದ್ದೆ. ಕೈಗೆ ಸಿಗುವುದು ಭುಜದ ಗ್ರಂಥಿ ಮಾತ್ರ. ನನಗೆ ತಿಳಿಯಬೇಕಾದದ್ದು ಅದರಿಂದ ಒಂದು ಗೇಣು ಆಚೆ, ಚರ್ಮ ಮಾಂಸಗಳ ಕೆಳಗಿತ್ತು. ಬದುಕಿರುವ ಕರುವಿನಲ್ಲಿ ಅದನ್ನು ನೋಡುವ ದಾರಿ ನನ್ನ ಬಳಿ ಇರಲಿಲ್ಲ.

ಒಂಬತ್ತನೆಯ ದಿನ ಸೈಕಲ್ ಬಂತು. ಸತ್ತದ್ದು ಫಾರೆಸ್ಟ್ ವಾಚರ್ ಒಬ್ಬನ ಮನೆಯ ಕರು. ಹೊಸ ಔಷಧ ಸಿಗದ ಐದರಲ್ಲಿ ಒಂದು. ಜ್ವರ ಕಡಿಮೆ ಇದೆ, ತಡೆದುಕೊಳ್ಳುತ್ತದೆ ಎಂದು ನಾನು ಬಿಟ್ಟಿದ್ದು. ಕೊಯ್ದು ನೋಡಿದೆ. ಗಂಟಲಲ್ಲಿ ಊತವಿಲ್ಲ, ರಕ್ತದಲ್ಲಿ ಗಳಲೆಯ ಬ್ಯಾಕ್ಟೀರಿಯಾ ಇಲ್ಲ. ಹೊಟ್ಟೆಯ ಒಳಪದರದಲ್ಲಿ ಮೊಳೆ ಹೊಡೆದಂತೆ ಹುಣ್ಣುಗಳು. ಉಣ್ಣೆ ಜ್ವರವೇ ಕೊಂದಿತ್ತು. ಲಸಿಕೆ ಹಾಕಿದ್ದರೂ ಇದು ಸಾಯುತ್ತಿತ್ತು ಎಂದು ಕಾಗದದ ಮೇಲೆ ಬರೆಯಬಹುದಿತ್ತು. ವಾಚರ್ ಕೇಳಿದ್ದು ಅದನ್ನಲ್ಲ.

"ಪಕ್ಕದ್ ಮನೇದ್ಕ ಒಳ್ಳೆ ಔಷ್ದಿ ಆಕುದ್ರಿ. ನಮ್ದ್ಕ ಆಕ್ನಿಲ್ಲ. ಎಂಗ್ ಆರ್ಸುದ್ರಿ ಅದ್ನ ಯೋಳ್ಬುಡಿ, ಸಾಕು."

ಹೇಗೆ ಆರಿಸಿದೆನೆಂದು ಹೇಳಿದೆ. ಅವನು ಕೇಳಿಸಿಕೊಂಡ. "ಸರಿ ಬುಡಿ" ಎಂದು ಒಳಗೆ ಹೋದ. ಅವತ್ತು ವಾಪಸು ಬರುವಾಗ ಜೀಪಿನಲ್ಲಿ ಕಾಂಪೌಂಡರ್, "ನಾ ಆ ಆರು ಬರೀಬಾರ್ದಾಗಿತ್ತು ಮೇಡಮ್ಮೋರೆ" ಎಂದರು. ಅಷ್ಟು ದಿನ ನಮ್ಮಿಬ್ಬರ ನಡುವೆ ಆ ಮಾತು ಬಂದಿರಲಿಲ್ಲ. ಆರು ಕರುಗಳ ಆಯ್ಕೆಯ ಬಗ್ಗೆ ನಾನು ಯೋಚಿಸುತ್ತಿದ್ದೆ. ಅವರು ಆ ಅಂಕಿಯ ಬಗ್ಗೆ.

ಮೂರು ವಾರ ತುಂಬಿದಾಗ ಹತ್ತು ಕರುಗಳ ಭುಜದ ಗಂಟು ಇಳಿದಿತ್ತು, ಜ್ವರವಿರಲಿಲ್ಲ, ಕಣ್ಣಿನ ರೆಪ್ಪೆ ಕೆಂಪಾಗಿತ್ತು. ಹತ್ತಕ್ಕೂ ಲಸಿಕೆ ಹಾಕಿದೆ. ಆ ದಿನದ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆಯುವ ಮೊದಲು ಶಾಖವನ್ನು ಮೂವರು ನೋಡಿದೆವು, ಮೂವರೂ ಸಹಿ ಮಾಡಿದೆವು.

ಪರೀಕ್ಷೆ ಬಂದದ್ದು ಸೆಪ್ಟೆಂಬರಿನ ಮಳೆಯಲ್ಲಿ. ಮೂರು ದಿನ ಬಿಡದೆ ಸುರಿದು ಕೆರೆಗೆ ಹೊಸ ನೀರು ಬಂದ ಮೇಲೆ ಶಿಬಿರ ಬೇಡವೆಂದಿದ್ದ ಪಕ್ಕದ ಊರಿನಲ್ಲಿ ಗಳಲೆ ಎದ್ದಿತು. ಒಂದೇ ದಿನ ಎರಡು ಎಮ್ಮೆ, ಒಂದು ಕರು. ಎರಡೂ ಊರಿನ ದನ ಒಂದೇ ಕೆರೆಯಲ್ಲಿ ನೀರು ಕುಡಿಯುತ್ತವೆ. ಸುದ್ದಿ ತಿಳಿದು ನಾನು ಮೊದಲು ಓಡಿದ್ದು ಕಾಡಂಚಿನ ಊರಿಗೆ. ಒಂದೊಂದೇ ಕೊಟ್ಟಿಗೆ ನೋಡುತ್ತಾ ಹೋದೆ. ಅಕ್ಕನ ಮನೆಗೆ ಬರುವಷ್ಟರಲ್ಲಿ ನನ್ನ ಸೀರೆಯ ಅಂಚೆಲ್ಲ ಕೆಸರಾಗಿತ್ತು. ಅವಳು ಬಾಗಿಲಲ್ಲಿ ನಿಂತಿದ್ದಳು.

"ಕರು ಎಲ್ಲಿ ಅಕ್ಕ?"

"ಕಟ್ಟಾಕಿವ್ನಿ, ಕೆರೆತಾವ್ಕ ಬುಟ್ಟಿಲ್ಲ. ಆದ್ರ ಎರಡ್ ದಿನದ್ ಹಿಂದ ಕುಡ್ಕಂಡ್ ಬಂದಿತ್ತು ಕಣಮ್ಮ. ನಂಗೂ ಭಯ, ರಾತ್ರೆಲ್ಲ ಅದ್ರ್ ಗಂಟ್ಲ ಸವರ್ಕಂಡೇ ಕುಂತಿದ್ದೆ."

ನಾನೂ ಸವರಿದೆ. ಊತವಿರಲಿಲ್ಲ. ಕರು ಕತ್ತು ಕೊಸರಿಕೊಂಡು ಹುಲ್ಲಿಗೆ ಬಾಯಿ ಹಾಕಿತು. ಅವತ್ತು, ಮರುದಿನ, ಅದರ ಮರುದಿನ ಮೂರೂ ದಿನ ಹೋದೆ. ಪಕ್ಕದ ಊರಿನಲ್ಲಿ ಇನ್ನೂ ಮೂರು ಸತ್ತವು. ಅಲ್ಲಿನವರು ತಾವೇ ಬಂದು ಲಸಿಕೆ ಹಾಕಿಸಿಕೊಂಡು ಹೋದರು. ಈ ಊರಿನ ಹತ್ತು ಕರುಗಳೂ ನಿಂತವು. ರೋಗ ತಾಗಿಯೂ ತಡೆದವೋ, ತಾಗಲೇ ಇಲ್ಲವೋ ಎಂದು ಮೇಷ್ಟ್ರು ಕೇಳಿಯಾರು ಎಂದುಕೊಂಡೆ.

ಅವರು ಕೇಳಿದ್ದು ಬೇರೆ. ಮುಂದಿನ ವರ್ಷ ಅವರಿಂದ ಒಂದು ಕಾರ್ಡು ಬಂತು. ಪರಾವಲಂಬಿ ಹೋದ ಮೇಲೆ ಥೈಮಸ್ ಮತ್ತೆ ತುಂಬಿಕೊಳ್ಳುತ್ತದೆಯೇ ಎಂದು ನೋಡುವ ಆಸೆ ಅವರಿಗೆ. ಆ ಹತ್ತು ಕರುಗಳಲ್ಲಿ ಯಾವುದಾದರೂ ಸತ್ತರೆ ಕುತ್ತಿಗೆಯ ಭಾಗವನ್ನು ಫಾರ್ಮಲಿನ್‌ನಲ್ಲಿ ಹಾಕಿ ಕಳಿಸಬೇಕು, ಮರೆಯಬಾರದು ಎಂದು ಬರೆದಿದ್ದರು.

ಆ ಕಾರ್ಡು ಓದುವಾಗ ಆಸ್ಪತ್ರೆಯ ಅಂಗಳದಲ್ಲಿ ಅಕ್ಕ ನಿಂತಿದ್ದಳು. ಮಚ್ಚೆಯ ಕರು ಬೆದೆಗೆ ಬಂದಿತ್ತು, ಇಂಜೆಕ್ಷನ್ ಕೊಡಿಸಿ ಗಬ್ಬ ಕಟ್ಟಿಸಲು ಆರು ಮೈಲಿ ನಡೆಸಿಕೊಂಡು ಬಂದಿದ್ದಳು. ಆ ಕೆಲಸ ಮುಗಿಸಿ, ಕೈ ತೊಳೆದು, ಮೇಷ್ಟ್ರಿಗೆ ಉತ್ತರ ಬರೆದೆ: ಸದ್ಯಕ್ಕೆ ಕಳಿಸಲು ಯಾವುದೂ ಇಲ್ಲ ಸರ್.